ಬೇವು, ಪಪ್ಪಾಯಿ ಬೀಜ ತಿನ್ನಿಸಿದರೆ ಕುದುರೆಯ ಜಂತುಹುಳು ಹೋಗುತ್ತವೆಯೇ?

ಇಲ್ಲ, ಅವನ್ನೇ ನಂಬಿ ಕೂರುವಂತಿಲ್ಲ. ಕುಣಿಗಲ್ ಸುತ್ತಮುತ್ತ ಕುದುರೆ ಸಾಕುವವರಿಗೆ ಔಷಧಿ ಕಡಿಮೆ ಮಾಡಿ ಗಿಡಮೂಲಿಕೆಯಲ್ಲೇ ಹುಳು ಹೋಗಿಸುವ ಆಸೆ ಬರುವುದು ಸಹಜ. ಗಿಡಗಳಲ್ಲಿ ಹುಳುವಿಗೆ ಆಗದ ಅಂಶಗಳು ಇರುವುದೂ ನಿಜ. ಪಪ್ಪಾಯಿ ಹಾಲಿನ ಪಪೈನ್ ಎಂಬ ಕಿಣ್ವ ಹುಳುವಿನ ಹೊರಪೊರೆಯನ್ನೇ ಕರಗಿಸಬಲ್ಲದು. ಒಗರು ಅಂಶವಾದ ಟ್ಯಾನಿನ್ ಹೆಚ್ಚಿರುವ ಮೇವು ಕುರಿ, ಮೇಕೆಗಳಲ್ಲಿ ಒಂದಿಷ್ಟು ಫಲ ಕೊಟ್ಟಿದೆ.

ಆದರೆ ಕುದುರೆಯಲ್ಲಿ ಹುಳು ಕೂತಿರುವ ಜಾಗವೇ ಬೇರೆ. ಹೆಚ್ಚು ಕಾಡುವ ಸಣ್ಣ ಸ್ಟ್ರಾಂಗೈಲ್ ಹುಳುಗಳು ಇರುವುದು ದೊಡ್ಡ ಕರುಳಿನಲ್ಲಿ. ತಿಂದದ್ದು ಜಠರ ದಾಟಿ, ಸುಮಾರು 20 ಮೀಟರ್ ಉದ್ದದ ಸಣ್ಣ ಕರುಳು ದಾಟಿ ಅಲ್ಲಿಗೆ ಹೋಗಬೇಕು. ಪಪೈನ್‌ನಂಥ ಅಂಶ ಅಷ್ಟರಲ್ಲಿ ಬಹುಮಟ್ಟಿಗೆ ಜೀರ್ಣವಾಗಿ ಹೋಗಿರುತ್ತದೆ. ಇನ್ನು ಮರಿಹುಳುಗಳಂತೂ ಕರುಳಿನ ಗೋಡೆಯೊಳಗೇ ಗೂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಅಡಗಿರುತ್ತವೆ. ಐವರ್‌ಮೆಕ್ಟಿನ್ ಎಂಬ ಜಂತುಹುಳು ಔಷಧಿ ಕೂಡ ಅವನ್ನು ಸರಿಯಾಗಿ ಮುಟ್ಟುವುದಿಲ್ಲ, ಅದಕ್ಕೆ ಮಾಕ್ಸಿಡೆಕ್ಟಿನ್ ಎಂಬ ಇನ್ನೊಂದು ಔಷಧಿ ಬೇಕು.

ಬೆಳ್ಳುಳ್ಳಿಯನ್ನು ಮಾತ್ರ ದಯವಿಟ್ಟು ಗುಡ್ಡೆಗಟ್ಟಲೆ ತಿನ್ನಿಸಬೇಡಿ. ಹೆಚ್ಚಾದರೆ ಕೆಂಪು ರಕ್ತಕಣ ಒಡೆದು ಕುದುರೆಗೆ ರಕ್ತಹೀನತೆ ಬರುತ್ತದೆ.

ಔಷಧಿ ಕಡಿಮೆ ಮಾಡಬೇಕೆಂಬ ನಿಮ್ಮ ಕಾಳಜಿ ಸರಿಯಾಗಿಯೇ ಇದೆ, ಫೆನ್‌ಬೆಂಡಜೋಲ್ ಎಂಬ ಔಷಧಿಗೆ ಈ ಹುಳುಗಳು ಹಲವೆಡೆ ಜಗ್ಗುತ್ತಲೇ ಇಲ್ಲ. ಅದಕ್ಕೆ ದಾರಿ ಲದ್ದಿ ಪರೀಕ್ಷೆ. ಹಸಿ ಲದ್ದಿಯನ್ನು ಪಶು ವೈದ್ಯರಿಗೆ ಕೊಟ್ಟು ಹುಳುವಿನ ಮೊಟ್ಟೆ ಎಣಿಸಲು ಹೇಳಿ. ದೊಡ್ಡ ಕುದುರೆಗೆ ಸಾಮಾನ್ಯವಾಗಿ ಗ್ರಾಂ ಲದ್ದಿಗೆ 200 ಮೊಟ್ಟೆಗಿಂತ ಹೆಚ್ಚಿದ್ದರೆ ಔಷಧಿ ಕೊಡುತ್ತಾರೆ. ಕುದುರೆ ಮರಿಗಳ ಲೆಕ್ಕ ಬೇರೆ, ವೈದ್ಯರನ್ನೇ ಕೇಳಿ. ಮೇಯುವ ಜಾಗದ ಲದ್ದಿಯನ್ನು ವಾರಕ್ಕೆ ಎರಡು ಸಲ ಎತ್ತಿಹಾಕಿ, ಮಳೆಗಾಲದಲ್ಲಿ ತಪ್ಪಿಸಲೇಬೇಡಿ: ಒದ್ದೆ ಹುಲ್ಲಿನ ಮೇಲೆ ಮರಿಹುಳು ಹತ್ತಿಕೊಳ್ಳುವುದು ಆಗಲೇ.