ಗಂಟು ಅಪಾಯಕಾರಿಯಲ್ಲ ಎಂದು ತಂತ್ರಾಂಶ ಹೇಳಿದರೆ ಸಾಕೇ?

ಪ್ರಶ್ನೆ: ನನಗೆ 38 ವರ್ಷ. ಎಡ ಸ್ತನದಲ್ಲಿ ನೋವಿಲ್ಲದ ಸಣ್ಣ ಗಂಟು ಕೈಗೆ ಸಿಕ್ಕಿದ್ದರಿಂದ ಅಲ್ಟ್ರಾಸೌಂಡ್ ಮಾಡಿಸಿದೆ. ಅಲ್ಲಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶ ‘ಅಪಾಯ ಕಡಿಮೆ’ ಎಂದು ತೋರಿಸಿದರೂ, ವೈದ್ಯರು ವರದಿಯಲ್ಲಿ ‘ಬೈ-ರಾಡ್ಸ್ 4ಎ’ ಎಂದು ಬರೆದು ಬಯಾಪ್ಸಿಗೆ (ಗಂಟಿನ ಚೂರು ತೆಗೆದು ಪರೀಕ್ಷಿಸಲು) ಸೂಚಿಸಿದ್ದಾರೆ. ಸೂಜಿ ಚುಚ್ಚಿದರೆ ಕಾಯಿಲೆ ಹರಡುತ್ತದೆಂದು ಮನೆಯವರು ಬೇಡವೆನ್ನುತ್ತಿದ್ದಾರೆ. ಯಂತ್ರವನ್ನು ನಂಬಿ ಸುಮ್ಮನಿರಬಹುದೇ?
– ಹೆಸರು ಬೇಡ, ಹಾವೇರಿ

ಉತ್ತರ: ದಯವಿಟ್ಟು ಸುಮ್ಮನಿರಬೇಡಿ, ಬಯಾಪ್ಸಿ ಮಾಡಿಸಿಕೊಳ್ಳಿ. ಬೈ-ರಾಡ್ಸ್ ಎಂಬುದು ಸ್ತನದ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಶಂಕೆ ಎಷ್ಟೆಂದು ತಿಳಿಸುವ ವರ್ಗೀಕರಣ. ಅದರಲ್ಲಿ 4ಎ ಎಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇ. 2ಕ್ಕಿಂತ ಹೆಚ್ಚು, ಆದರೆ ಶೇ. 10ನ್ನು ಮೀರದು ಎಂದರ್ಥ. ಈ ವರ್ಗದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಆದರೂ ನಿಮ್ಮದು ಯಾವುದೆಂದು ಖಚಿತವಾಗಿ ಹೇಳಬಲ್ಲದ್ದು ಅಂಗಾಂಶದ ಪರೀಕ್ಷೆಯೊಂದೇ.

ಗಂಟಿನ ಅಂಚು ನಯವಾಗಿದೆಯೇ ಮುಳ್ಳುಮುಳ್ಳಾಗಿದೆಯೇ, ಅದು ಚರ್ಮಕ್ಕೆ ಸಮಾನಾಂತರವಾಗಿ ಹರಡಿದೆಯೇ ಅಥವಾ ಅಗಲಕ್ಕಿಂತ ಎತ್ತರವೇ ಹೆಚ್ಚಿದೆಯೇ, ಅದರ ಹಿಂದೆ ಕಪ್ಪು ನೆರಳು ಬಿದ್ದಿದೆಯೇ ಎಂಬುದನ್ನೆಲ್ಲ ರೇಡಿಯಾಲಜಿಸ್ಟರು (ಸ್ಕ್ಯಾನ್ ಚಿತ್ರಗಳನ್ನು ನೋಡಿ ವರದಿ ಕೊಡುವ ವೈದ್ಯರು) ಪರಿಶೀಲಿಸುತ್ತಾರೆ. ಫಲಿತಾಂಶ ಮೊದಲೇ ತಿಳಿದಿರುವ ಅಸಂಖ್ಯ ಹಳೆಯ ಚಿತ್ರಗಳಿಂದ ಕಲಿತ ತಂತ್ರಾಂಶವು ಹೊಸ ಚಿತ್ರಕ್ಕೆ ಕ್ಯಾನ್ಸರ್ ಸಾಧ್ಯತೆಯನ್ನು ಸೂಚಿಸುವ ಒಂದು ಅಂಕವನ್ನು ಕೊಡುತ್ತದೆ. ಗಂಟು ಕೈಗೆ ಎಷ್ಟು ಗಟ್ಟಿಯಾಗಿ ತಗಲುತ್ತದೆ, ನಿಮ್ಮ ತಾಯಿಗೋ ಅಕ್ಕನಿಗೋ ಈ ಕಾಯಿಲೆ ಬಂದಿತ್ತೇ ಎಂಬ ಸಂಗತಿಗಳು ಚಿತ್ರದಲ್ಲಿ ಇರುವುದಿಲ್ಲ. ಸ್ಕ್ಯಾನ್ ಮಾಡುವಾಗ ಸರಿಯಾಗಿ ಸೆರೆಸಿಗದ ಗಂಟೂ ತಂತ್ರಾಂಶಕ್ಕೆ ಕಾಣುವುದಿಲ್ಲ.

ಹಾಗೆಂದು ಈ ತಂತ್ರಜ್ಞಾನವನ್ನು ನಾನು ತಳ್ಳಿಹಾಕುವುದಿಲ್ಲ, ಅದರ ಬಗ್ಗೆ ನನಗೆ ನಿಜವಾದ ಭರವಸೆಯಿದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡವು 1,43,203 ಮಂದಿಯ 54 ಲಕ್ಷಕ್ಕೂ ಹೆಚ್ಚು ಅಲ್ಟ್ರಾಸೌಂಡ್ ಚಿತ್ರಗಳನ್ನು ಬಳಸಿ ರೂಪಿಸಿದ ವ್ಯವಸ್ಥೆಯ ವಿವರಗಳು 2021ರಲ್ಲಿ ಪ್ರಕಟವಾದವು. ಅದರ ಅಂಕವನ್ನು ಹತ್ತು ರೇಡಿಯಾಲಜಿಸ್ಟರ ತೀರ್ಮಾನಗಳೊಂದಿಗೆ ಸೇರಿಸಿ ನೋಡಿದಾಗ, ಕ್ಯಾನ್ಸರ್ ಪತ್ತೆಹಚ್ಚುವ ಪ್ರಮಾಣ ಕುಗ್ಗದೆಯೇ, ಇಲ್ಲದ ಕ್ಯಾನ್ಸರನ್ನು ಶಂಕಿಸುವ ತಪ್ಪುಗಳು ಶೇ. 37.3ರಷ್ಟೂ ಬಯಾಪ್ಸಿಯ ಸೂಚನೆಗಳು ಶೇ. 27.8ರಷ್ಟೂ ಕಡಿಮೆಯಾದವು. ಮುಖ್ಯವಾದ ಮಾತೆಂದರೆ, ಈ ಲಾಭ ದೊರೆತದ್ದು ವೈದ್ಯರ ತೀರ್ಮಾನವನ್ನು ಬದಿಗೊತ್ತಿದ್ದರಿಂದ ಅಲ್ಲ, ಅದರೊಂದಿಗೆ ಅಂಕವನ್ನು ಕೂಡಿಸಿದ್ದರಿಂದ. ಅಲ್ಲದೆ ಅದು ಹಿಂದೆಯೇ ತೆಗೆದಿದ್ದ ಚಿತ್ರಗಳ ಮೇಲೆ ನಡೆದ ಅಧ್ಯಯನ. ಬೇರೆ ಊರಿನ ಯಂತ್ರ, ಬೇರೆ ರೋಗಿಗಳ ಮಟ್ಟಿಗೂ ಅದೇ ನಿಖರತೆ ಸಿಗುತ್ತದೆಂದು ಊಹಿಸಿಕೊಳ್ಳಲಾಗದು.

ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆಂಬ ಭಯದಿಂದ ತಡಮಾಡುವುದೇ ನಿಜವಾದ ಅಪಾಯ. ಜಾಗವನ್ನು ಮರಗಟ್ಟಿಸಿ, ಅಲ್ಟ್ರಾಸೌಂಡಿನಲ್ಲಿ ನೋಡುತ್ತಲೇ ಸೂಜಿಯಿಂದ ಚೂರುಗಳನ್ನು ತೆಗೆಯುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ. ನಿಮ್ಮ ವಯಸ್ಸಿಗೆ ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಕೂಡ ಬೇಕಾಗಬಹುದು, ಕೇಳಿ. ಬಯಾಪ್ಸಿಯ ಫಲಿತಾಂಶ ಬಂದ ಮೇಲೆ ಅದು ಸ್ಕ್ಯಾನಿನಲ್ಲಿ ಕಂಡದ್ದಕ್ಕೆ ಹೊಂದುತ್ತದೆಯೇ ಎಂದು ವೈದ್ಯರಿಂದ ತಿಳಿದುಕೊಳ್ಳಿ. ಹೊಂದದಿದ್ದರೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕಾಗಬಹುದು.