ಏಣಿ ಇಳಿದ ಮೇಲೂ ಮುಗಿಯದ ತಪಾಸಣೆ

ಚಿಮಣಿ ಶುಚಿಗೊಳಿಸುವುದನ್ನೇ ವೃತ್ತಿಯಾಗಿಸಿಕೊಂಡ ನಡುವಯಸ್ಸಿನವರೊಬ್ಬರು ನಿದ್ರೆ ಬರುತ್ತಿಲ್ಲವೆಂದು ನನ್ನ ಬಳಿ ಬಂದಿದ್ದರು (ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ). ಅವರು ಮಸಿ ತೆಗೆದು "ಎಲ್ಲ ಸರಿಯಿದೆ" ಎಂದು ಹೇಳಿ ಬಂದಿದ್ದ ಮನೆಯೊಂದರಲ್ಲಿ, ಹೊಗೆಕೊಳವೆಯ ಒಳಪದರ ಬಿರುಕು ಬಿಟ್ಟಿದ್ದನ್ನು ಬಳಿಕ ಬೇರೊಬ್ಬರು ಪತ್ತೆ ಹಚ್ಚಿದ್ದರು. ಯಾರಿಗೂ ಅಪಾಯವಾಗಿರಲಿಲ್ಲವಾದರೂ, ಅಂದಿನಿಂದ ಇವರು ಒಂದೇ ಚಿಮಣಿಗೆ ನಾಲ್ಕು ಸಲ ಏಣಿ ಹತ್ತುತ್ತಿದ್ದರು, ಅರ್ಧ ದಾರಿಯಿಂದ ಹಿಂದಿರುಗುತ್ತಿದ್ದರು, ರಾತ್ರಿ ಆ ಚಿಮಣಿಯ ಮನೆಯವರಿಗೆ ಫೋನ್ ಮಾಡಿ ಡ್ಯಾಂಪರ್ (ಹೊಗೆಕೊಳವೆಯನ್ನು ತೆರೆದು ಮುಚ್ಚುವ ತಗಡು) ತೆರೆದಿದೆಯೇ ನೋಡಿ ಎನ್ನುತ್ತಿದ್ದರು.

"ಸುಮ್ಮನೆ ಹೆದರುತ್ತೀರಿ" ಎಂದು ನಾನು ಹೇಳಲಿಲ್ಲ, ಏಕೆಂದರೆ ಆ ಹೆದರಿಕೆಗೆ ಆಧಾರವಿದೆ. ಹಕ್ಕಿಗೂಡಿನಿಂದ ಕೊಳವೆ ಕಟ್ಟಿಕೊಂಡರೆ ಕೋಣೆಗೆ ಮರಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಟ್ಟಿಗೆಯ ಹೊಗೆಯಿಂದ ಕೂರುವ ಕ್ರಿಯೋಸೋಟ್ ಎಂಬ ಟಾರಿನಂಥ ಮಸಿ ಹೊತ್ತಿಕೊಂಡರೆ ಒಳಗಿನ ಶಾಖ 1000 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು, ಮತ್ತು ಬಿರುಕಿನ ಮೂಲಕ ಅದು ಪಕ್ಕದ ಮರದ ತೊಲೆಯನ್ನು ಮುಟ್ಟಬಲ್ಲದು.

ಬದಲಿಗೆ, ಅಂದು ಏನೇನು ನೋಡಿದಿರಿ ಎಂದು ಹಂತಹಂತವಾಗಿ ಹೇಳಿಸಿದೆ. ಮಸಿಯ ಬಗ್ಗೆ ಅವರ ಮಾತು ನಿರರ್ಗಳವಾಗಿತ್ತು: ಪುಡಿಯಾಗಿ ಉದುರುವುದು, ಹಕ್ಕಳೆಯಾಗಿ ಏಳುವುದು, ಬ್ರಷ್‌ಗೆ ಜಗ್ಗದೆ ಗಾಜಿನಂತೆ ಹೊಳೆಯುವುದು, 3 ಮಿಲಿಮೀಟರ್ ದಪ್ಪವನ್ನು ಹೆಬ್ಬೆರಳಿನ ಉಗುರು ಒತ್ತಿ ತೋರಿಸಿದರು. ಆದರೆ ನೋಟಕ್ಕೊಂದು ಕ್ರಮವಿರಲಿಲ್ಲ. ಟಾರ್ಚ್ ಹಿಡಿದು, ಒಲೆ ಮತ್ತು ಕೊಳವೆಯ ನಡುವಿನ ಹೊಗೆಗೂಡಿನೊಳಗೆ ಕತ್ತೆತ್ತಿದ್ದಾಗ ಯಾರೋ ಕರೆದಿದ್ದರು, ಮರಳಿ ಬಂದವರು ನೇರವಾಗಿ ಬ್ರಷ್ ಕೈಗೆತ್ತಿಕೊಂಡಿದ್ದರು. ಬಿರುಕು ಮಸಿಯಡಿ ಅಡಗಿರುವುದರಿಂದ ಉಜ್ಜಿದ ಮೇಲೆ ಮತ್ತೊಮ್ಮೆ ನೋಡಬೇಕೆಂಬುದನ್ನು ಬಲ್ಲವರೇ ಅಂದು ನೋಡಿರಲಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಒಲೆಯ ತಳದಿಂದ ಡ್ಯಾಂಪರ್, ಹೊಗೆಗೂಡು, ಒಳಪದರದ ಸಂದುಗಳು, ಮೇಲಿನ ಮುಚ್ಚಳದವರೆಗೆ ಒಂದೇ ದಾರಿಯಲ್ಲಿ ಸಾಗಬೇಕು. ಪ್ರತಿ ಭಾಗ ನೋಡಿದ ಕೂಡಲೇ, ಅಲ್ಲಿಯೇ, ಬರೆಯಬೇಕು. ನಡುವೆ ಯಾರಾದರೂ ಕರೆದರೆ ಆ ಭಾಗವನ್ನು ಮೊದಲಿನಿಂದ ನೋಡಬೇಕು. ಬರೆದು ಮುಗಿದ ಮೇಲೆ ಸಂಶಯ ಬಂದರೆ ಪುಸ್ತಕ ತೆರೆಯಬೇಕೇ ಹೊರತು ಏಣಿ ಹತ್ತಬಾರದು, ಏಕೆಂದರೆ ಮತ್ತೆ ಮತ್ತೆ ನೋಡಿದಷ್ಟೂ ನೋಡಿದ ನೆನಪಿನ ಮೇಲಿನ ನಂಬಿಕೆ ಸಡಿಲವಾಗುತ್ತ ಹೋಗುತ್ತದೆ. ಇದನ್ನು ಒಪ್ಪಿಸಲು ಎರಡು ಭೇಟಿಗಳೇ ಹಿಡಿದವು.

ನನಗೆ ಹೆಚ್ಚು ಮುಖ್ಯವೆನಿಸಿದ್ದು ವರದಿಯ ಭಾಷೆ. "ಎಲ್ಲ ಸರಿಯಿದೆ" ಎಂಬ ಮಾತು ಕಣ್ಣಿಗೆ ನಿಲುಕದ ತಿರುವಿಗೂ ಹೊಣೆ ಹೊರುತ್ತದೆ, ಹಾಗೆ ಹೊತ್ತ ಹೊಣೆಯೇ ರಾತ್ರಿ ನಿದ್ರೆ ಕೆಡಿಸುತ್ತದೆ. ಆದ್ದರಿಂದ "ನೋಡಿದೆ, ದೋಷ ಕಾಣಲಿಲ್ಲ" ಎಂಬುದನ್ನೂ "ನೋಡಲಾಗಲಿಲ್ಲ, ಕ್ಯಾಮೆರಾ ಇಳಿಸಬೇಕು" ಎಂಬುದನ್ನೂ ಬೇರೆಬೇರೆಯಾಗಿ ಬರೆದು, ಅದನ್ನು ಮನೆಯವರಿಗೆ ಓದಿ ಹೇಳುವಂತೆ ಸೂಚಿಸಿದೆ. ನಿದ್ರೆಯ ತೊಂದರೆಗಾಗಿ ಮನೋವೈದ್ಯರನ್ನೂ ಕಾಣಲು ಹೇಳಿದೆ.

ಆರನೆಯ ಭೇಟಿಗೆ ಅವರು ಮಸಿ ಮೆತ್ತಿದ ಪುಸ್ತಕ ತಂದಿದ್ದರು. ಒಂದು ಪುಟದಲ್ಲಿ "ಮೇಲಿನ ತಿರುವು ನೋಡಲಾಗಲಿಲ್ಲ" ಎಂದು ಬರೆದು ಅಡಿಗೆರೆ ಎಳೆದಿದ್ದರು. ಆ ರಾತ್ರಿ ಫೋನ್ ಮಾಡಲಿಲ್ಲವಂತೆ. ಮರುದಿನ ಬೇರೆ ಮನೆಗೆ ಒಮ್ಮೆ ಮಾಡಿದರಂತೆ.