ಬಾವಲಿ ಮರ ಕಡಿಸುವ ಮುಂಚೆ ಮನೆಮನೆಗೆ ಹೋಗಿ

ಪ್ರಶ್ನೆ: ನಮ್ಮೂರ ಗುಂಡುತೋಪಿನ ಆಲದ ಮರದಲ್ಲಿ ನೂರಾರು ಬಾವಲಿಗಳಿವೆ. ಕೇರಳದಿಂದ, ಬಾವಲಿಯಿಂದ ಹರಡಬಲ್ಲ ನಿಫಾ ಜ್ವರದ ಸುದ್ದಿ ಬಂದಾಗಲೆಲ್ಲ ಮರ ಕಡಿಸಿ ಎಂದು ಪಂಚಾಯಿತಿಗೆ ಅರ್ಜಿ ಬರುತ್ತದೆ. ಬಾವಲಿಯ ಉಪಯೋಗದ ಬಗ್ಗೆ ಶಾಲೆಯಲ್ಲಿ ಭಾಷಣ ಮಾಡಿಸಿದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲು ಊರವರ ಅಭಿಪ್ರಾಯದ ಸಮೀಕ್ಷೆ ಮಾಡಿಸಿ ಎಂದು ಕೆಲವರು ಎನ್ನುತ್ತಾರೆ. ಅದರಿಂದೇನು ಪ್ರಯೋಜನ?
– ಗ್ರಾಮ ಪಂಚಾಯಿತಿ ಸದಸ್ಯರು, ತುಮಕೂರು ಜಿಲ್ಲೆ

ಉತ್ತರ: ಬಾವಲಿ ಬೀಜ ಹರಡುತ್ತದೆ, ಪರಾಗಸ್ಪರ್ಶ ಮಾಡುತ್ತದೆ ಎಂದು ಬಲ್ಲವರೂ ಅಂಗಳ ಗುಡಿಸುವಾಗ ಅದಕ್ಕೆ ಶಾಪ ಹಾಕುತ್ತಾರೆ. ಒಂದು ಕೆಲಸ ಮಾಡಲು ಜನ ಮುಂದಾಗುವುದು ಮೂರು ಸಂಗತಿ ನೋಡಿಕೊಂಡು: ಅದರ ಬಗ್ಗೆ ತಮಗೇನನ್ನಿಸುತ್ತದೆ, ಅಕ್ಕಪಕ್ಕದವರು ಏನಂದಾರು, ತಮ್ಮ ಕೈಲಿ ಅದು ಆದೀತೇ. ಭಾಷಣ ಮುಟ್ಟುವುದು ಮೊದಲನೆಯದನ್ನು ಮಾತ್ರ.

ಬಾಂಗ್ಲಾದೇಶದ ಪ್ರಯೋಗ ನೋಡಿ. ಅಲ್ಲಿ ಚಳಿಗಾಲದ ಬೆಳಗ್ಗೆ ಈಚಲು ಮರದ ಹಸಿ ರಸ ಕುಡಿಯುವ ರೂಢಿಯಿದೆ. ರಸ ಇಳಿಸಲು ಜನ ಮರ ಕೆತ್ತಿದ ಜಾಗವನ್ನು ರಾತ್ರಿ ಬಾವಲಿ ಬಂದು ನೆಕ್ಕಿದರೆ, ಕಟ್ಟಿದ ಗಡಿಗೆಗೆ ಉಚ್ಚೆ ಹೊಯ್ದರೆ ನಿಫಾ ವೈರಾಣು ರಸಕ್ಕೆ ಸೇರಬಹುದು. ಕೆಲವು ಹಳ್ಳಿಗಳಲ್ಲಿ ‘ಹಸಿ ರಸ ಬೇಡವೇ ಬೇಡ’ ಎಂದು ಪ್ರಚಾರ ಮಾಡಿದರು. ಇನ್ನು ಕೆಲವು ಕಡೆ, ಕೆತ್ತಿದ ಜಾಗದಿಂದ ಗಡಿಗೆಯ ಬಾಯಿವರೆಗೆ ಬಿದಿರಿನ ತಟ್ಟಿ ಕಟ್ಟುವುದನ್ನು ಕಲಿಸಿ, ‘ಕುಡಿಯುವುದಾದರೆ ತಟ್ಟಿ ಕಟ್ಟಿದ ಮರದ್ದೇ ಕುಡಿಯಿರಿ’ ಎಂದರು. ಹೆಚ್ಚು ಫಲಿಸಿದ್ದು ಎರಡನೆಯದು. ರೂಢಿ ಬಿಡಿಸುವುದಕ್ಕಿಂತ ಸಣ್ಣ ಉಪಾಯ ಕೈಗೆ ಕೊಡುವುದು ಸುಲಭ.

ನಿಮ್ಮೂರಿಗೆ ಎಂಥ ಉಪಾಯ ಬೇಕು ಎಂದು ತಿಳಿಯಲಿಕ್ಕೇ ಸಮೀಕ್ಷೆ. ಮರದಿಂದ 100 ಮೀಟರ್ ಒಳಗಿನ ಎಲ್ಲ ಮನೆಗಳಿಗೆ ಹೋಗಿ. ಅದರಾಚೆ ಐದು ಮನೆಗೊಂದು ಸಾಕು. ಪ್ರಶ್ನೆಗಳು ಹತ್ತು ಮೀರದಿರಲಿ. ಮೊದಲು ಐದಾರು ಮನೆಯಲ್ಲಿ ಕೇಳಿ ನೋಡಿ, ಅರ್ಥವಾಗದ್ದನ್ನು ತಿದ್ದಿಕೊಳ್ಳಿ. ‘ಬಾವಲಿ ಉಳಿಸಬೇಕಲ್ಲವೇ?’ ಎಂದರೆ ಎಲ್ಲರೂ ‘ಹೂಂ’ ಎನ್ನುತ್ತಾರೆ, ಆ ಉತ್ತರ ಕಾಸಿಗೂ ಬಾರದು. ‘ಹೋದ ತಿಂಗಳು ಬಾವಲಿಯಿಂದ ಏನು ತೊಂದರೆಯಾಯಿತು, ಆಗ ಏನು ಮಾಡಿದಿರಿ?’ ಎಂದು ಕೇಳಿ. ‘ಮರ ಇರಲಿ ಎಂದು ನೀವಂದರೆ ಪಕ್ಕದ ಮನೆಯವರು ಏನಂತಾರೆ?’ ಎಂದೂ ಕೇಳಿ. ನಿಫಾ ಹೆಸರು ಕೊನೆಯವರೆಗೆ ನೀವಾಗಿ ಎತ್ತಬೇಡಿ. ಮೊದಲೇ ಎತ್ತಿದರೆ ಉಳಿದ ಉತ್ತರಗಳೆಲ್ಲ ಭಯದಿಂದಲೇ ಬರುತ್ತವೆ.

ಅರ್ಜಿಗೆ ಸಹಿ ಹಾಕುವವರು ಸಾಮಾನ್ಯವಾಗಿ ಗಂಡಸರು; ಹಿಕ್ಕೆ ಗುಡಿಸುವವರು, ಕಲೆಯಾದ ಬಟ್ಟೆ ಮತ್ತೆ ಒಗೆಯುವವರು ಹೆಂಗಸರು. ಅವರನ್ನು ಬೇರೆಯಾಗಿ ಮಾತಾಡಿಸಿ. ಸದಸ್ಯರಾದ ನೀವು ಖುದ್ದು ಹೋಗದಿರುವುದು ಮೇಲು. ನಿಮ್ಮೆದುರು ಜನ ನಿಮಗೆ ಬೇಕಾದ್ದನ್ನೇ ಹೇಳುತ್ತಾರೆ.

ದೂರು ಹಿಕ್ಕೆಯದಾದರೆ ನೀರಿನ ತೊಟ್ಟಿಗೆ ಮುಚ್ಚಳ, ಓಡಾಡುವ ದಾರಿಗೆ ತಗಡಿನ ಚಪ್ಪರ ಹಾಕಿಸಿ. ಭಯದ್ದಾದರೆ, ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು, ಬಿದ್ದ ಬಾವಲಿಯನ್ನು ಬರಿಗೈಲಿ ಮುಟ್ಟಬಾರದು ಎಂಬ ಎರಡೇ ಮಾತನ್ನು ಆಶಾ ಕಾರ್ಯಕರ್ತೆಯಿಂದ ಹೇಳಿಸಿ. ಆರು ತಿಂಗಳ ಮೇಲೆ ಅದೇ ಮನೆಗಳಲ್ಲಿ ಅದೇ ಪ್ರಶ್ನೆ ಕೇಳಿ. ಮರ ಕಡಿಸಿದರೆ ಬಾವಲಿಗಳು ಊರು ಬಿಡುತ್ತವೆ ಎಂದೇನಿಲ್ಲ, ಮನೆಗಳ ನಡುವಿನ ಮರಗಳಿಗೆ ಹಂಚಿಹೋಗಬಹುದು. ಕಾನೂನೂ ಬದಲಾಗಿದೆ: ಮೊದಲು ಹಾನಿಕಾರಕ ಪ್ರಾಣಿಗಳ ಪಟ್ಟಿಯಲ್ಲಿದ್ದ ಈ ದೊಡ್ಡ ಹಣ್ಣುಬಾವಲಿ 2022ರ ತಿದ್ದುಪಡಿಯ ನಂತರ ವನ್ಯಜೀವಿ ಕಾಯ್ದೆಯ 2ನೇ ಅನುಸೂಚಿಯಲ್ಲಿದೆ, ಅಂದರೆ ಸಂರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿದೆ.

ಪ್ರಶ್ನೆ: ಸೀಬೆ ಗಿಡಗಳ ಮೇಲೆ ಹಳೇ ಮೀನಿನ ಬಲೆ ಹರಡಿದ್ದೆ. ಬಾವಲಿಗಳು ಸಿಕ್ಕಿಕೊಂಡು ಸಾಯುತ್ತಿವೆ, ಹಣ್ಣೂ ಉಳಿಯುತ್ತಿಲ್ಲ.
– ರೈತರು, ಕೋಲಾರ ಜಿಲ್ಲೆ

ಉತ್ತರ: ಸಡಿಲ ಬಲೆಗೆ ಬಾವಲಿಯ ಹೆಬ್ಬೆರಳಿನ ಉಗುರು ಸಿಕ್ಕಿದರೆ ಒದ್ದಾಡಿದಷ್ಟೂ ಸುತ್ತಿಕೊಳ್ಳುತ್ತದೆ. ಹಣ್ಣಿಗೆ ತಾಗಿಕೊಂಡಿರುವ ಬಲೆಯ ಮೇಲೆ ಕೂತೇ ಅದು ಹಣ್ಣು ಕಚ್ಚಬಲ್ಲದು. ಬಲೆಯ ಕಣ್ಣು 5 ಮಿಲಿಮೀಟರ್ ಒಳಗಿರಬೇಕು, ಅಂದರೆ ಬೆರಳು ತೂರಬಾರದು. ಕತ್ತಲಲ್ಲಿ ಕಾಣುವಂತೆ ಬಿಳಿ ಬಣ್ಣದ್ದನ್ನೇ ಕೊಳ್ಳಿ. ಕಂಬ ನೆಟ್ಟು, ಗಿಡಕ್ಕೆ ತಾಗದಂತೆ ಬಿಗಿಯಾಗಿ ಎಳೆದು ಕಟ್ಟಿ. ಗಿಡ ಕಡಿಮೆಯಿದ್ದರೆ ಬಲೆಗಿಂತ ಕಾಯಿಗೊಂದು ಕವರ್ ಅಗ್ಗ. ಸಿಕ್ಕಿಕೊಂಡ ಬಾವಲಿಗೆ ದಪ್ಪ ಬಟ್ಟೆ ಹೊದಿಸಿ, ಅರಣ್ಯ ಇಲಾಖೆಯವರನ್ನು ಕರೆಯಿರಿ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ.